ಚಾನೆಲ್ ಹೆಚ್ಚಿರಬೇಕೇ, ಚಿತ್ರ ಸ್ಪಷ್ಟವಿರಬೇಕೇ?



ಟಿ.ವಿ.ಯಲ್ಲಿ ವಾರ್ತೆ ಓದುವವರ ಮುಖ ಸ್ವಚ್ಛವಾಗಿ ಕಾಣುತ್ತದೆ. ಅದೇ ಟಿ.ವಿ.ಯಲ್ಲಿ ಕ್ರಿಕೆಟ್ ಚೆಂಡು ಬೌಂಡರಿಗೆ ಓಡುವಾಗ ಹುಲ್ಲು, ಜನ ಎಲ್ಲವೂ ಚೌಕ ಚೌಕವಾಗಿ ಒಡೆದಂತೆ ಕಾಣುವುದುಂಟು. ಆಕಾಶ ಶುಭ್ರವಾಗಿದ್ದಾಗಲೂ ಹೀಗೇಕೆ?

ಡಿಶ್‌ಗೆ ಚಿತ್ರ ಬರುವುದು ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ. ಭೂಮಿಯಿಂದ ಸಂಕೇತ ಪಡೆದು ಮರಳಿ ಭೂಮಿಗೆ ಕಳಿಸುವ ಟ್ರಾನ್ಸ್‌ಪಾಂಡರ್ ಎಂಬ ಸಾಧನಗಳು ಅದರಲ್ಲಿವೆ. ಸಂಕೇತವೆಂದರೆ 0 ಮತ್ತು 1ರ ಸಾಲು. ಒಂದೊಂದು ಅಂಕೆಯೂ ಒಂದು ಬಿಟ್. ಒಂದು ಟ್ರಾನ್ಸ್‌ಪಾಂಡರ್ ಸೆಕೆಂಡಿಗೆ 4 ಕೋಟಿ ಬಿಟ್ ಕಳಿಸುತ್ತದೆ ಎಂದಿಟ್ಟುಕೊಳ್ಳಿ. 10 ಚಾನೆಲ್‌ಗಳಿಗೆ ಹಂಚಿದರೆ ಒಂದಕ್ಕೆ 40 ಲಕ್ಷ. 20 ಚಾನೆಲ್‌ಗಳಿಗೆ ಹಂಚಿದರೆ 20 ಲಕ್ಷ ಮಾತ್ರ.

ಸಾಮಾನ್ಯ ಟಿ.ವಿ. ಚಿತ್ರವೊಂದರಲ್ಲಿ 720 × 576, ಅಂದರೆ 4,14,720 ಚುಕ್ಕೆಗಳು. ಸೆಕೆಂಡಿಗೆ ಇಂಥ 25 ಚಿತ್ರಗಳು. ಒಟ್ಟು ಒಂದು ಕೋಟಿಗೂ ಹೆಚ್ಚು ಚುಕ್ಕೆಗಳಾದವು! ಎಲ್ಲವನ್ನೂ ಕಳಿಸಲು ಜಾಗವಿಲ್ಲ. ಆದ್ದರಿಂದ ಹಿಂದಿನ ಚಿತ್ರಕ್ಕಿಂತ ಬದಲಾದ ಭಾಗವನ್ನೇ ಮುಖ್ಯವಾಗಿ ಕಳಿಸುತ್ತಾರೆ. ವಾರ್ತೆಯಲ್ಲಿ ಬದಲಾವಣೆ ಕಡಿಮೆ, ಕ್ರಿಕೆಟ್‌ನಲ್ಲಿ ಬಹಳ. ಬಿಟ್‌ಗಳು ಸಾಲದಾದಾಗ ಸೂಕ್ಷ್ಮ ವಿವರಗಳನ್ನು ಕೈಬಿಡಬೇಕಾಗುತ್ತದೆ. ಆಗ ಚೌಕಗಳು ಕಾಣುತ್ತವೆ.

ಮಳೆಯ ಕಥೆ ಬೇರೆ. ಕತಗಾಲದಲ್ಲಿ ಆಷಾಢದ ಮಳೆ ಹೊಯ್ಯುವಾಗ ಚಿತ್ರ ನಿಂತೇ ಹೋಗುತ್ತದೆ. ಡಿಶ್‌ಗೆ ಬರುವ ಅಲೆಗಳ ಉದ್ದ ಸುಮಾರು 2.5 ಸೆಂ.ಮೀ. ಮಳೆಹನಿಗಳು ಅವನ್ನು ಹೀರುತ್ತವೆ, ಚದುರಿಸುತ್ತವೆ. ಇದನ್ನು ತಕ್ಕಮಟ್ಟಿಗೆ ಎದುರಿಸಲು ತಪ್ಪು ತಿದ್ದುವ ಬಿಟ್‌ಗಳನ್ನೂ ಜೊತೆಗೆ ಕಳಿಸುತ್ತಾರೆ. ಅವುಗಳಿಗೂ ಅದೇ ಟ್ರಾನ್ಸ್‌ಪಾಂಡರ್‌ನಲ್ಲೇ ಜಾಗ ಬೇಕು. ಚಾನೆಲ್‌ಗಳನ್ನು ತುಂಬಿದಷ್ಟೂ ಈ ರಕ್ಷಣೆಗೆ ಜಾಗ ಕಡಿಮೆ. ನಮ್ಮ ಕರಾವಳಿಯಲ್ಲಿ ಮಳೆಗಾಲವೇ ಶಾಲೆ ನಡೆಯುವ ಕಾಲ ಎಂಬುದನ್ನು ಮರೆಯಬೇಡಿ.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಅದರಿಂದ ಪಾಠಗಳು ಬಂದವು. 2010ರಲ್ಲಿ ಅದರ ಸೇವೆ ಮುಗಿಯಿತು. ಅದೇ 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ 33 ಚಾನೆಲ್‌ಗಳೊಂದಿಗೆ ಆರಂಭವಾಯಿತು. 2022ರ ಕೇಂದ್ರ ಬಜೆಟ್‌ನಲ್ಲಿ ಪಾಠದ ಚಾನೆಲ್‌ಗಳನ್ನು 12ರಿಂದ 200ಕ್ಕೆ ಏರಿಸುವುದಾಗಿ ಹೇಳಲಾಯಿತು.

ಚಾನೆಲ್ ಹೆಚ್ಚಿದರೆ ಹೆಚ್ಚು ತರಗತಿಗಳಿಗೆ, ಹೆಚ್ಚು ಭಾಷೆಗಳಲ್ಲಿ ಪಾಠ ಸಿಗುತ್ತದೆ. ಅದು ಒಳ್ಳೆಯದೇ. ಎಂಪೆಗ್-4 ಎಂಬ ವಿಧಾನದಲ್ಲಿ ಹಳೆಯ ಎಂಪೆಗ್-2ಕ್ಕೆ ಬೇಕಾಗುವ ಬಿಟ್‌ಗಳ ಸುಮಾರು ಅರ್ಧದಲ್ಲೇ ಅಷ್ಟೇ ಒಳ್ಳೆಯ ಚಿತ್ರ ಕಳಿಸಬಹುದು. ಆದರೆ ಉಳಿದ ಜಾಗಕ್ಕೆಲ್ಲ ಮತ್ತೆ ಚಾನೆಲ್‌ಗಳನ್ನೇ ತುರುಕಿದರೆ ಲಾಭವೇನು? ಧಾರಾವಾಹಿಯಲ್ಲಿ ಸೀರೆಯ ಅಂಚು ಮಸುಕಾದರೆ ನಷ್ಟವಿಲ್ಲ. ಪಾಠದಲ್ಲಿ 3/8 ಎಂಬುದು 3/6 ಆಗಿ ಕಂಡರೆ ಲೆಕ್ಕವೇ ತಪ್ಪುತ್ತದೆ. ಆದ್ದರಿಂದ ಪಾಠದ ಚಾನೆಲ್‌ಗೆ ಮೊದಲು ಸಾಕಷ್ಟು ಬಿಟ್ ಕೊಡಬೇಕು, ಎಷ್ಟು ಚಾನೆಲ್ ಎಂಬುದನ್ನು ಆಮೇಲೆ ತೀರ್ಮಾನಿಸಬೇಕು ಎಂಬುದು ನನ್ನ ಅಭಿಪ್ರಾಯ.

ನೀವೇನು ಹೇಳುತ್ತೀರಿ? ಮಳೆಯಿಲ್ಲದ ದಿನ ಬೇರೆ ಬೇರೆ ಚಾನೆಲ್‌ಗಳಲ್ಲಿ ಸಣ್ಣ ಅಕ್ಷರಗಳನ್ನೂ ಓಡುವ ದೃಶ್ಯಗಳನ್ನೂ ಗಮನಿಸಿ, ಕಂಡದ್ದನ್ನು ಪಟ್ಟಿ ಮಾಡಿ. ಆಮೇಲೆ ತರಗತಿಯಲ್ಲಿ ಚರ್ಚಿಸಿ.