ಎಲ್ಲರ ಲೆವೆಲ್ಲೂ ಒಂದೇ ಇರಲಿ ಸ್ವಾಮಿ!

ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಆದರೆ ಅರ್ಧ ಜಗಳ ನನ್ನ ಜೊತೆಗೇ. ಯಾಕಂದ್ರೆ ಇಲ್ಲಿ ಬೈಯೋಕೆ ಹೊರಟಿರೋ ನಿಯಮವನ್ನ ಎರಡು ವರ್ಷ ನಮ್ಮ ಮೇಜಿನಲ್ಲಿ ಜಾರಿಯಲ್ಲಿಟ್ಟಿದ್ದ ಮಹಾಶಯ ನಾನೇ :-)

ಡಂಜನ್ಸ್ ಅಂಡ್ ಡ್ರಾಗನ್ಸ್ ಗೊತ್ತಿಲ್ಲದವರಿಗೆ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ ಒಂದು ಕತೆ ಕಟ್ಟುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ಒಬ್ಬ ಮಾತ್ರ ಡಂಜನ್ ಮಾಸ್ಟರ್, ಅಂದರೆ ಡಿಎಂ. ಸೂತ್ರಧಾರ ಅಂದುಕೊಳ್ಳಿ. ಸಾಹಸ ಮಾಡಿದಷ್ಟೂ ಪಾತ್ರಕ್ಕೆ ಎಕ್ಸ್‌ಪಿ ಅನ್ನೋ ಅಂಕ ಸಿಗುತ್ತೆ, ಅಂಕ ಕೂಡಿದಂತೆ ಲೆವೆಲ್ ಏರುತ್ತೆ. ಈಗಿನ ಆಟದಲ್ಲಿ ಒಂದರಿಂದ ಇಪ್ಪತ್ತರವರೆಗೆ.

ಪ್ರಶ್ನೆ ಇಷ್ಟೇ. ಗುಂಪು ಐದನೇ ಲೆವೆಲ್ಲಿನಲ್ಲಿದ್ದಾಗ ಹೊಸಬನೊಬ್ಬ ಬಂದ. ಅವನ ಪಾತ್ರ ಎಷ್ಟನೇ ಲೆವೆಲ್ಲಿನಿಂದ ಶುರುವಾಗಬೇಕು?

"ಒಂದರಿಂದ. ನಾವೆಲ್ಲಾ ಅಲ್ಲಿಂದಲೇ ತಾನೇ ಬಂದಿದ್ದು?" ಅಂತ ನಾನು ಗತ್ತಿನಿಂದ ಹೇಳಿದ್ದೆ.

ಬಂದವನು ಗೆಳೆಯನ ಆಫೀಸಿನ ಹುಡುಗ. ಪಾಪ, ಒಂದು ವಾರ ಕೂತು ತನ್ನ ಫೈಟರ್‌ಗೆ ಹೆಸರು, ಊರು, ಅಪ್ಪನ ಜೊತೆ ಮುನಿಸು ಎಲ್ಲಾ ಬರೆದುಕೊಂಡು ಬಂದಿದ್ದ. ಮೊದಲನೇ ಲೆವೆಲ್ಲಿನ ಫೈಟರ್‌ಗೆ ಪ್ರಾಣ ಅಂತ ಇರೋದು 12 ಹಿಟ್ ಪಾಯಿಂಟು. ಅದೇ ಮೈಕಟ್ಟಿನ ಐದನೇ ಲೆವೆಲ್ಲಿನವನಿಗೆ 44. ಮೊದಲ ಕಾಳಗದಲ್ಲೇ ಎದುರಾಳಿ ಮಂತ್ರವಾದಿ ಫೈರ್‌ಬಾಲ್ ಎಸೆದ. ಅದಕ್ಕೆ ಎಂಟು ದಾಳ, ಸರಾಸರಿ 28. ಅವತ್ತು ನನ್ನ ಕೈಲಿ ಬಿದ್ದಿದ್ದು 31. ಪ್ರಾಣ ಸೊನ್ನೆಗೆ ಇಳಿದ ಮೇಲೂ ಉಳಿಯೋ ಪೆಟ್ಟು ಪಾತ್ರದ ಪೂರ್ತಿ ಪ್ರಾಣದಷ್ಟಿದ್ದರೆ ಆ ಪಾತ್ರ ಅಲ್ಲೇ ಸಾಯುತ್ತೆ ಅಂತ ನಿಯಮ. 31ರಲ್ಲಿ 12 ಕಳೆದರೆ 19. ಕತೆ ಮುಗೀತು. ಪಕ್ಕದಲ್ಲೇ ನಿಂತಿದ್ದ ಐದನೇ ಲೆವೆಲ್ಲಿನ ಫೈಟರ್ ಮೈ ಕೊಡವಿಕೊಂಡು ಮುಂದೆ ಹೋದ.

ಆಮೇಲೆ ಎರಡು ಗಂಟೆ ಆ ಹುಡುಗ ಏನು ಮಾಡಿದ ಗೊತ್ತಾ? ನಮಗೆಲ್ಲಾ ಟೀ ಮಾಡಿಕೊಟ್ಟ. ಇನ್ನೊಬ್ಬರ ಹೆಗಲ ಮೇಲಿಂದ ಇಣುಕಿ ಆಟ ನೋಡಿದ. ಹೋಗುವಾಗ "ಚೆನ್ನಾಗಿತ್ತು ಸಾರ್" ಅಂದ. ಮತ್ತೆ ಬರಲಿಲ್ಲ.

ಇನ್ನೊಬ್ಬ ಗೆಳತಿ ನಮ್ಮ ಜೊತೆ ಮೊದಲ ದಿನದಿಂದ ಆಡಿದವಳು. ಕೆಲಸ ಸೆಕೆಂಡ್ ಶಿಫ್ಟಿಗೆ ಬದಲಾಯ್ತು, ನಾಲ್ಕೈದು ಭಾನುವಾರ ತಪ್ಪಿತು. ಬಂದವರಿಗೆ ಮಾತ್ರ ಎಕ್ಸ್‌ಪಿ ಅನ್ನೋ ನನ್ನ ಘನವಾದ ಲೆಕ್ಕದಲ್ಲಿ ಅವಳು ಮೂರನೇ ಲೆವೆಲ್ಲಿಗೇ ನಿಂತಳು, ಉಳಿದವರು ಐದಕ್ಕೆ ಹೋದರು. "ನಾನು ಬಂದರೂ ನಿಮಗೆ ನನ್ನನ್ನ ಕಾಯೋದೇ ಕೆಲಸ ಆಗುತ್ತೆ, ಬಿಡಿ" ಅಂದಳು. ಅವಳಿಗೆ ದಂಡ ಹಾಕಿದ್ದು ಆಟಕ್ಕಲ್ಲ, ನೌಕರಿಗೆ. ಮಗು ಇರೋರು, ಮನೆಯಲ್ಲಿ ಕಾಯಿಲೆಯವರಿರೋರು, ಶಿಫ್ಟಿನವರು... ಈ ನಿಯಮ ಮೊದಲು ಹೊರಗೆ ಹಾಕೋದು ಇವರನ್ನೇ. ಕೊನೆಗೆ ಮೇಜಿನ ಸುತ್ತ ಉಳಿಯೋದು ಭಾನುವಾರ ಬೇರೆ ಕೆಲಸ ಇಲ್ಲದ ನಮ್ಮಂಥ ನಾಲ್ಕು ಗಂಡಸರು!

ಈಗ ವಾದಗಳಿಗೆ ಬರೋಣ. ಎಲ್ಲಾ ನಾನೇ ಒಂದು ಕಾಲದಲ್ಲಿ ಮಾಡಿದ ವಾದಗಳು.

"ಹೊಸಬ ಬೇಗ ಸಮಕ್ಕೆ ಬರ್ತಾನೆ." ಲೆಕ್ಕ ಸರಿ. 2014ರ ಐದನೇ ಆವೃತ್ತಿಯಲ್ಲಿ ಐದನೇ ಲೆವೆಲ್ಲಿಗೆ 6,500 ಎಕ್ಸ್‌ಪಿ, ಆರನೆಯದಕ್ಕೆ 14,000. ಗುಂಪು ಐದರಿಂದ ಆರಕ್ಕೆ ಹೋಗುವಷ್ಟರಲ್ಲಿ ತಲೆಗೆ 7,500 ಬರುತ್ತೆ, ಹೊಸಬ ಆರಾಮಾಗಿ ಐದಕ್ಕೆ ತಲುಪಿರ್ತಾನೆ. ಬದುಕಿದ್ದರೆ! ಅಷ್ಟಕ್ಕೂ ಹೇಗಿದ್ದರೂ ಸಮಕ್ಕೆ ಬರ್ತಾನೆ ಅಂತಾದರೆ ಆ ನಾಲ್ಕು ವಾರ ಅವನನ್ನ ಗೋಳಾಡಿಸಿ ನಮಗೆ ಸಿಕ್ಕಿದ್ದೇನು?

"ಹಳೇ ಆಟದಲ್ಲಿ ಹೀಗೇ ಇತ್ತು." ಇತ್ತು, ಒಪ್ಪಿದೆ. ಆದರೆ ಹಳೇ ಆಟದಲ್ಲಿ ಇನ್ನೂ ಏನೇನಿತ್ತು ನೋಡಿ. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳಲ್ಲಿ ಕಳ್ಳನಿಗೆ ಎರಡನೇ ಲೆವೆಲ್ಲಿಗೆ 1,200 ಸಾಕು, ಫೈಟರ್‌ಗೆ 2,000 ಬೇಕು, ಎಲ್ಫ್‌ಗೆ 4,000. ಅಂದರೆ ಲೆವೆಲ್ಲು ಒಬ್ಬೊಬ್ಬರಿಗೆ ಒಂದೊಂದು ಅಳತೆ, ಎಲ್ಲರದೂ ಒಂದೇ ಇರಬೇಕು ಅನ್ನೋ ನಿರೀಕ್ಷೆಯೇ ಇರಲಿಲ್ಲ. ಜೊತೆಗೆ ಹೊತ್ತು ತಂದ ಒಂದು ಚಿನ್ನದ ನಾಣ್ಯಕ್ಕೆ ಒಂದು ಎಕ್ಸ್‌ಪಿ. ಹೆಚ್ಚಿನ ಅಂಕ ಬರ್ತಿದ್ದದ್ದು ನಿಧಿಯಿಂದ, ಕೊಂದಿದ್ದರಿಂದಲ್ಲ. ಹಾಗಾಗಿ ಕಾಳಗ ತಪ್ಪಿಸಿ, ಉಪಾಯದಿಂದ ಪೆಟ್ಟಿಗೆ ಎತ್ತಿಕೊಂಡು ಓಡೋದೇ ಜಾಣತನ. ಅಂಥ ಕಡೆ 6 ಹಿಟ್ ಪಾಯಿಂಟಿನವನ ತಲೆಗೂ ಬೆಲೆ ಇತ್ತು. ಅದನ್ನೆಲ್ಲಾ ಬಿಟ್ಟು, ವಾರಕ್ಕೆ ಮೂರು ಕಾಳಗ ಇಟ್ಟುಕೊಂಡು, "ಒಂದರಿಂದ ಶುರು" ಅನ್ನೋದನ್ನ ಮಾತ್ರ ಹಳೇ ಕಾಲದಿಂದ ಎತ್ತಿಕೊಂಡು ಬರೋದು ಸಂಪ್ರದಾಯ ಅಲ್ಲ, ಸೋಮಾರಿತನ.

"ಲಾರ್ಡ್ ಆಫ್ ದ ರಿಂಗ್ಸ್‌ನಲ್ಲಿ ಗ್ಯಾಂಡಾಲ್ಫ್ ಜೊತೆಗೇ ಪಿಪ್ಪಿನ್ ಇರಲಿಲ್ವಾ?" ಇದ್ದ. ಆದರೆ ಇಬ್ಬರನ್ನೂ ಬರೆದವರು ಟೋಲ್ಕಿನ್ ಒಬ್ಬರೇ. ನಮ್ಮ ಮೇಜಿನಲ್ಲಿ ಪಿಪ್ಪಿನ್‌ಗೆ ಒಬ್ಬ ಬೇರೆ ಮನುಷ್ಯ ಇದ್ದಾನೆ, ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಒದ್ದಾಡಿ ಬಂದಿದ್ದಾನೆ, ಅವನಿಗೂ ಏನಾದರೂ ಮಾಡಬೇಕು ಅಂತ ಆಸೆ ಇದೆ. ಅಸಮಾನ ಪಾತ್ರಗಳೇ ಬೇಕು ಅಂದವರು ಅದಕ್ಕೆ ತಕ್ಕ ಏರ್ಪಾಡೂ ಮಾಡಿದ್ದಾರೆ. 1987ರ ಆರ್ಸ್ ಮ್ಯಾಜಿಕಾದಲ್ಲಿ ಮಂತ್ರವಾದಿಗಳು ಬಲು ಬಲಶಾಲಿಗಳು, ಗ್ರಾಗ್ ಅನ್ನೋ ಕಾವಲಾಳುಗಳು ಸಾಮಾನ್ಯರು. ಆದರೆ ಎಲ್ಲರೂ ಸರದಿ ಮೇಲೆ ಮಂತ್ರವಾದಿ ಆಗ್ತಾರೆ. 2002ರ ಬಫಿ ಆಟದಲ್ಲಿ ವೀರರಿಗೆ 10 ಡ್ರಾಮಾ ಪಾಯಿಂಟು, ದುರ್ಬಲ ಪಾತ್ರಗಳಿಗೆ 20. ತಕ್ಕಡಿಯ ಒಂದು ಕಡೆ ಭಾರ ಹಾಕಿದರೆ ಇನ್ನೊಂದು ಕಡೆಗೂ ಹಾಕಿದ್ದಾರೆ. ನಾವು ಏನು ಹಾಕಿದ್ವಿ? ಟೀ ಪಾತ್ರೆ ಕೈಗೆ ಕೊಟ್ವಿ.

"ಯಕ್ಷಗಾನದಲ್ಲೂ ಕೋಡಂಗಿಯಿಂದಲೇ ಶುರು ಮಾಡಬೇಕು" ಅಂತ ನಮ್ಮ ಕರಾವಳಿ ಗೆಳೆಯರೊಬ್ಬರು ವಾದ ಮಾಡಿದ್ರು. ಒಳ್ಳೇ ಮಾತು. ಕೋಡಂಗಿ, ಬಾಲಗೋಪಾಲ, ಆಮೇಲೆ ಮುಂದಿನ ವೇಷ. ಆದರೆ ಕೋಡಂಗಿ ಕುಣಿಯೋದು ಪೂರ್ವರಂಗದಲ್ಲಿ. ಆಗ ರಂಗಸ್ಥಳ ಅವನದೇ. ಮಧ್ಯರಾತ್ರಿ ಬಣ್ಣದ ವೇಷದ ರಾಕ್ಷಸ ಅಬ್ಬರಿಸುತ್ತಿರುವಾಗ ಕೋಡಂಗಿಯನ್ನ ಎದುರಿಗೆ ನೂಕಿ "ಹೋರಾಡು ಮಗನೇ" ಅಂತ ಯಾವ ಭಾಗವತರೂ ಹೇಳಲ್ಲ. ಹೊಸಬರಿಗೆ ಐದನೇ ಲೆವೆಲ್ಲಿನ ಹಾಳೆ ನೋಡಿದರೆ ಗಾಬರಿಯಾಗುತ್ತೆ ಅನ್ನೋದು ನಿಜ. ಹಾಗಾದರೆ ಒಂದು ಸಂಜೆ ಅವರಿಗಾಗಿಯೇ ಪೂರ್ವರಂಗ ಇಡಿ. ಉಳಿದವರೂ ಮೊದಲನೇ ಲೆವೆಲ್ಲಿನ ಹೊಸ ಪಾತ್ರ ಹಿಡಿದು ಜೊತೆಗೆ ಆಡಲಿ. ಅದು ಪಾಠ. ನಾನು ಮಾಡಿದ್ದು ಪಾಠ ಅಲ್ಲ, ರ‍್ಯಾಗಿಂಗ್.

ಕೊನೇ ವಾದ, ಎಲ್ಲಕ್ಕಿಂತ ಗಟ್ಟಿಯಾದದ್ದು: "ನಾವು ಕಷ್ಟಪಟ್ಟು ಗಳಿಸಿದ ಲೆವೆಲ್ಲು, ಅವರಿಗೆ ಪುಕ್ಕಟೆಯಾ?" ಪ್ರತಿ ವಾರ ತಪ್ಪದೆ ಬಂದವರಿಗೆ ಹೀಗನಿಸೋದು ಸಹಜ, ನಗಬಾರದು. ಆದರೆ ಕಷ್ಟ ಯಾವುದು ಸ್ವಾಮಿ? ಚಕ್ಕುಲಿ ತಿಂತಾ ದಾಳ ಉರುಳಿಸಿದ್ದಾ? :-) ನಿಯಮಿತವಾಗಿ ಬಂದವರಿಗೆ ಸಿಕ್ಕ ಲಾಭ ಆ ಸಂಜೆಗಳೇ. ಅಷ್ಟು ಸಾಲದಿದ್ದರೆ ಕತೆಯೊಳಗೆ ಕೊಡಿ. ರಾಜನ ಸ್ನೇಹ, ಊರಿನ ಕೀಲಿಕೈ, ತಾತನ ಕಾಲದ ಖಡ್ಗ, ಜನ ಕರೆಯೋ ಬಿರುದು. ಹೊಸಬನಿಗೆ ಇವು ಯಾವುವೂ ಇರಲ್ಲ. ಹಿರಿತನ ಅಲ್ಲಿ ಇರಲಿ. ಲೆವೆಲ್ ಅನ್ನೋದು ಸಂಬಳದ ಇನ್‌ಕ್ರಿಮೆಂಟ್ ಅಲ್ಲ, ಮೇಜಿನ ಮೇಲೆ ಎಲ್ಲರಿಗೂ ಸಿಗಬೇಕಾದ ಜಾಗ.

2014ರ ಡಿಎಂ ಪುಸ್ತಕದಲ್ಲಿ ಎರಡು ಮೂರು ಲೆವೆಲ್ ವ್ಯತ್ಯಾಸದಿಂದ ಆಟವೇನೂ ಕೆಡಲ್ಲ ಅಂತ ಇದೆ. ಎಂಟಕ್ಕೂ ಹತ್ತಕ್ಕೂ ಆದರೆ ಒಪ್ಪುತ್ತೀನಿ. ಆದರೆ ಐದನೇ ಲೆವೆಲ್ಲಿನಲ್ಲಿ ಫೈಟರ್ ಒಂದು ಸರದಿಗೆ ಎರಡು ಏಟು ಹೊಡೀತಾನೆ, ಮಂತ್ರವಾದಿಗೆ ಫೈರ್‌ಬಾಲ್ ಸಿಗುತ್ತೆ. ಮೂರರಲ್ಲಿ ಇರೋರಿಗೆ ಅದು ಬೇರೆಯದೇ ಆಟ. ಬರದವರಿಗೂ ಅಷ್ಟೇ ಎಕ್ಸ್‌ಪಿ ಕೊಡಬಹುದು ಅಂತಲೂ ಅದೇ ಪುಸ್ತಕ ಹೇಳುತ್ತೆ. ಆ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಅಥವಾ ಬೀಳೋದು ನನಗೆ ಬೇಕಿರಲಿಲ್ಲ.

ಈಗ ನಮ್ಮಲ್ಲಿ ಎಕ್ಸ್‌ಪಿ ಲೆಕ್ಕ ಗುಂಪಿಗೆಲ್ಲಾ ಒಂದೇ. ಹೊಸಬರು ಬಂದರೂ ಅದೇ ಲೆವೆಲ್, ತಪ್ಪಿಸಿಕೊಂಡವರು ವಾಪಸ್ ಬಂದರೂ ಅದೇ ಲೆವೆಲ್, ಪಾತ್ರ ಸತ್ತು ಬೇರೆ ಪಾತ್ರ ಮಾಡಿಕೊಂಡರೂ ಅದೇ. ನನ್ನ ಲೆಕ್ಕದ ಪುಸ್ತಕ ಐದು ಕಾಲಮ್ಮಿನಿಂದ ಒಂದಕ್ಕೆ ಇಳಿದಿದೆ. ಆಕಾಶವೇನೂ ಕಳಚಿ ಬಿದ್ದಿಲ್ಲ.

ಗೆಳತಿಗೆ ಫೋನ್ ಮಾಡಿ ಹೇಳಿದೆ. "ನನ್ನ ಪಾತ್ರ ಈಗ ಎಷ್ಟನೇ ಲೆವೆಲ್ಲು?" ಅಂದಳು. ಏಳು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ತಿಂಗಳು ಶಿಫ್ಟ್ ಬದಲಾಗುತ್ತೆ, ನೋಡೋಣ" ಅಂದಳು. ಅವಳ ಪಾತ್ರದ ಹಾಳೆ ತುಂಬಿಸಿ ಇಟ್ಟಿದ್ದೀನಿ. ಆ ಆಫೀಸಿನ ಹುಡುಗನ ನಂಬರ್ ಮಾತ್ರ ನನ್ನ ಹತ್ತಿರ ಇಲ್ಲ.

ನೀವೂ ಡಿಎಂ ಆಗಿದ್ದರೆ, ಈ ಭಾನುವಾರ ಯಾರು ಟೀ ಮಾಡ್ತಿದ್ದಾರೆ ಅಂತ ಒಮ್ಮೆ ನೋಡಿ. ಏನಂತೀರಿ?