ಡೇರೆ ಹಾಕಿದ ಜಾಗ ಖಾಲಿಯಿರಲಿಲ್ಲ

ಗೋಕರ್ಣದ ಓಂ ಬೀಚಿನ ಸುದ್ದಿ ತೆಗೆದರೆ ಸಾಕು, ನನ್ನ ವಯಸ್ಸಿನವರೆಲ್ಲ ಒಂದೇ ರಾಗ ಹಾಡುತ್ತಾರೆ: ಆಗ ಅಲ್ಲಿ ಏನೂ ಇರಲಿಲ್ಲ, ಯಾರೂ ಇರಲಿಲ್ಲ, ಎಷ್ಟು ಚೆನ್ನಾಗಿತ್ತು! ಮೊದಲನೆಯದು ಸುಳ್ಳು, ಎರಡನೆಯದೂ ಸುಳ್ಳು. ಮೂರನೆಯದು ಮಾತ್ರ ನಿಜ.

ಕೊಂಕಣ ರೈಲು ಬರುವುದಕ್ಕೆ ಮುಂಚಿನ ಮಾತಿದು. ಕುಮಟೆಯಿಂದ ಬಸ್ಸು ಹಿಡಿದು ಗೋಕರ್ಣದಲ್ಲಿ ಇಳಿದರೆ ಮುಂದೆ ಕಾಲ್ನಡಿಗೆಯೇ ಗತಿ. ಗುಡ್ಡ ಹತ್ತಿ ಕುಡ್ಲೆಗೆ ಇಳಿದು, ಮತ್ತೆ ಹತ್ತಿ, ಮುರಕಲ್ಲಿನ ಬೋಳು ಹಾದಿಯಲ್ಲಿ ಬೆವರು ಸುರಿಸಿದ ಮೇಲೆ ಓಂ ಬೀಚಿನ ಜೋಡಿ ಕಿನಾರೆ ಕೆಳಗೆ ಕಾಣುತ್ತಿತ್ತು. ನಮ್ಮ ಡೇರೆ ಎಂದರೆ ಅಂಗಳದ ಅಡಿಕೆಗೆ ಮಳೆಯಲ್ಲಿ ಹೊದಿಸುವ ತಾಡಪಾಲು, ಎರಡು ಗಳ, ಒಂದಷ್ಟು ಹಗ್ಗ. ಗಂಜಿಗೆ ಕುಚ್ಚಲಕ್ಕಿ, ನೆಂಚಿಕೊಳ್ಳಲು ಮಿಡಿ ಉಪ್ಪಿನಕಾಯಿ. ನೀರು ಮಾತ್ರ ಅಲ್ಲಿನ ಮೀನುಗಾರರ ಮನೆಯ ಬಾವಿಯದು. (ಶೌಚದ ವ್ಯವಸ್ಥೆಯನ್ನು ನೆನೆಯದಿರುವುದೇ ಲೇಸು. ಹಳೆಯದನ್ನು ಹೊಗಳುವವರು ಅದನ್ನು ಜಾಣತನದಿಂದ ಮರೆಯುತ್ತಾರೆ.)

“ತಮ್ಮಾ, ಅಲ್ಲಿ ಮಲಗ್ಬೇಡಿ, ಹುಣ್ಣಿಮೆ ನೀರು ಅಲ್ಲೀವರೆಗೂ ಏರ್ತದೆ” ಎಂದು ಬಾವಿಕಟ್ಟೆಯಿಂದ ಕೂಗಿದ ಹೆಂಗಸು, ನಾವು ಗಳ ಕಿತ್ತು ಮೇಲಕ್ಕೆ ಸರಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಬೆಳಿಗ್ಗೆ ನಾಲ್ಕು ಬಂಗಡೆ ತಂದಿಟ್ಟು, ದುಡ್ಡು ಕೊಡಹೋದರೆ ಸಿಟ್ಟಾದಳು. ಎಲ್ಲಿ ಮಲಗಬೇಕು, ಎಲ್ಲಿ ಈಜಬಾರದು, ಯಾವ ಬಂಡೆಯ ಹತ್ತಿರ ಸೆಳೆತ ಹೆಚ್ಚು ಎಂಬುದೆಲ್ಲ ಆ ಮನೆಯವರಿಗೆ ಗೊತ್ತಿತ್ತು. ಅವರ ಕೈಯಲ್ಲಿ ಪಹಣಿ ಇರಲಿಲ್ಲ, ಅಷ್ಟೇ.

ಉತ್ತರ ಕನ್ನಡದಲ್ಲಿ ಕಡಲಂಚಿನ ಮರಳು ಎಂದೂ ಬರಿಯ ನೋಟದ ಜಾಗವಾಗಿರಲಿಲ್ಲ, ದುಡಿಮೆಯ ಅಂಗಳವಾಗಿತ್ತು. ರಂಪಣಿ ಬಲೆಯನ್ನು ದಡಕ್ಕೆ ಎಳೆಯಲು ಹತ್ತಾರು ಆಳು ಬೇಕು, ಅವರು ಸಾಲಾಗಿ ನಿಲ್ಲುವಷ್ಟು ಉದ್ದದ ಬಯಲು ಮರಳೂ ಬೇಕು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದು ರಂಪಣಿಯನ್ನು ಮೂಲೆಗೆ ತಳ್ಳಿದ ಮೇಲೂ ಪಾತಿದೋಣಿ ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ಆ ಮರಳೇ ಬೇಕಿತ್ತು. ಇದನ್ನೆಲ್ಲ ಕಣ್ಣೆದುರೇ ಕಂಡೂ ‘ಖಾಲಿ ಜಾಗ’ ಎಂದು ಊರಿಗೆ ಹೋಗಿ ಹೇಳಿದವರು ನನ್ನಂಥ ಡೇರೆಯವರು ಮತ್ತು ಗೋವಾದಿಂದ ಕೆಳಗಿಳಿದು ಬಂದ ವಿದೇಶಿಯರು. ದುಡ್ಡಿದ್ದವರು ಆ ಮಾತನ್ನು ನಂಬಿದರು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. ಮಡಲಿನ ಗುಡಿಸಲು, ಚಹಾದಂಗಡಿ, 1998ರಲ್ಲಿ ರೈಲು, ಗುಡ್ಡದ ನೆತ್ತಿಯವರೆಗೆ ಡಾಂಬರು, ಆಮೇಲೆ ರೆಸಾರ್ಟು. ಈಗ ಡೇರೆಯೂ ಬಾಡಿಗೆಗೆ ಸಿಗುತ್ತದೆ, ಬಣ್ಣದ ದೀಪದ ಸರದ ಸಮೇತ. ರಸ್ತೆ ಬಂದದ್ದಕ್ಕೆ ನನಗೆ ಬೇಸರವಿಲ್ಲ. ಹೆರಿಗೆ ನೋವು ಬಂದವಳನ್ನು ಗುಡ್ಡದ ಮೇಲೆ ಹೊತ್ತೊಯ್ಯುವ ಊರನ್ನು ಚೆಂದ ಎನ್ನುವುದು ನೋಡಲು ಬಂದವರ ಚಟ. ಹೋಂಸ್ಟೇ ನಡೆಸಿ ಮಕ್ಕಳನ್ನು ಓದಿಸಿದ ಮನೆಗಳೂ ಅಲ್ಲಿವೆ. ನನ್ನ ತಕರಾರು ಕೆಲಸದ ಸರದಿಯ ಬಗ್ಗೆ. ದೀಪದ ಸರ ಮೊದಲು ಬರುತ್ತದೆ, ಜೀವರಕ್ಷಕ ಕೊನೆಗೆ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಸೆಳೆತ ಎಲ್ಲಿದೆ ಎಂದು ಕೂಗಿ ಹೇಳುವವರು ಪ್ರತಿ ಕಿನಾರೆಯಲ್ಲೂ ಇರಬೇಕು, ಅವರಿಗೆ ಸಂಬಳವೂ ಇರಬೇಕು.

ಕಾನೂನು ಇಲ್ಲವೆಂದಲ್ಲ. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಳ್ಳಿಗಾಡಿನ ತೀರದಲ್ಲಿ ಭರತರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳದಂತೆ ತಡೆಯಿತು. 2019ರದು ಜನದಟ್ಟಣೆ ಹೆಚ್ಚಿರುವ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಪ್ರವಾಸಿಗರ ತಾತ್ಕಾಲಿಕ ಶ್ಯಾಕುಗಳಿಗೆ 10 ಮೀಟರ್ ಬಿಟ್ಟರೆ ಸಾಕೆಂದಿತು. ನಮ್ಮಲ್ಲಿ ತಾತ್ಕಾಲಿಕ ಎಂಬುದು ಎಷ್ಟು ಮಳೆಗಾಲ ಬಾಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಆದರೆ 2011ರ ಅಧಿಸೂಚನೆಯಲ್ಲಿ ಯಾರೂ ಎತ್ತಿ ಹೇಳದ ಒಂದು ಮಾತಿದೆ. ಮೀನುಗಾರರ ಹಳ್ಳಿ, ಅವರ ಸಾಮುದಾಯಿಕ ಜಾಗ, ಮೀನು ಒಣಗಿಸುವ ಕಣ, ಇವೆಲ್ಲವನ್ನೂ ಸರ್ವೆ ನಂಬರಿನ ಮಟ್ಟದ ನಕ್ಷೆಯಲ್ಲಿ ಗುರುತಿಸಬೇಕು ಎಂಬುದೇ ಆ ಮಾತು. ಕರಾವಳಿಯ ಗ್ರಾಮ ಪಂಚಾಯ್ತಿ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಗ್ರಾಮಸಭೆಗೆ ಆ ನಕ್ಷೆಯನ್ನು ತರಿಸಿ. ದೋಣಿ ಎಳೆಯುವ ಜಾಗ, ಬಲೆ ಹರವುವ ಜಾಗ, ಕಡಲಿಗೆ ಇಳಿಯುವ ಕಾಲುದಾರಿ ಅದರಲ್ಲಿ ಇವೆಯೇ ನೋಡಿ. ಇಲ್ಲದಿದ್ದರೆ ಠರಾವು ಮಾಡಿ ಸೇರಿಸಿ. ಅದಾಗುವವರೆಗೆ ಪ್ರವಾಸೋದ್ಯಮದ ಯಾವ ಅರ್ಜಿಗೂ ಸಹಿ ಹಾಕಬೇಡಿ.