ಅಳಿಸುವ ಕೈಗೆ ಕಾನೂನಿನ ಲಗಾಮು ಬೇಕು

ಅಮೆರಿಕದ ರಕ್ಷಣಾ ಇಲಾಖೆಯು ತನ್ನ ಜಾಲತಾಣಗಳಿಂದ ಕಿತ್ತುಹಾಕಲು ಗುರುತಿಸಿದ್ದ 26,000ಕ್ಕೂ ಹೆಚ್ಚು ಚಿತ್ರಗಳ ಪಟ್ಟಿ 2025ರ ಮಾರ್ಚ್‌ನಲ್ಲಿ ಬೆಳಕಿಗೆ ಬಂತು. ಹಿರೋಶಿಮಾದ ಮೇಲೆ ಅಣುಬಾಂಬ್ ಹಾಕಿದ ‘ಎನೋಲಾ ಗೇ’ ವಿಮಾನದ ಚಿತ್ರಗಳೂ ಅದರಲ್ಲಿದ್ದವು. ಒಂದು ನಗರವನ್ನು ಸುಟ್ಟದ್ದು ಆ ವಿಮಾನದ ಅಪರಾಧವೆನಿಸಲಿಲ್ಲ; ಹೆಸರಿನಲ್ಲಿ ‘ಗೇ’ ಎಂಬ ಪದವಿದ್ದುದೇ ಅಪರಾಧವಾಯಿತೆಂದು ತೋರುತ್ತದೆ.

ಇದು ನಕ್ಕು ಮರೆಯುವ ಸಂಗತಿಯಲ್ಲ. ವೈವಿಧ್ಯ, ಸಮಾನತೆಗಳ ಕುರುಹನ್ನು ಅಳಿಸಬೇಕೆಂಬ ರಾಜಕೀಯ ಆಜ್ಞೆ ಮೇಲಿನಿಂದ ಬಂದಾಗ, ಕೆಳಗಿನವರಿಗೆ ದಾಖಲೆಗಳನ್ನು ಓದಿ ನೋಡುವ ವ್ಯವಧಾನವಿರುವುದಿಲ್ಲ. ಪದ ಹುಡುಕು, ಸಿಕ್ಕಿದ್ದನ್ನೆಲ್ಲ ಆಯ್ದುಕೋ, ಅಳಿಸು: ಇಷ್ಟೇ ಕೆಲಸ. ಅದೇ ವರ್ಷದ ಜನವರಿ ಕೊನೆಯಲ್ಲಿ ರೋಗ ನಿಯಂತ್ರಣ ಕೇಂದ್ರದ ಆರೋಗ್ಯ ಮಾಹಿತಿಯ ಪುಟಗಳು ಮಾಯವಾದವು. ವೈದ್ಯರು ನ್ಯಾಯಾಲಯಕ್ಕೆ ಹೋಗಬೇಕಾಯಿತು. ಫೆಬ್ರವರಿ 11ರಂದು ನ್ಯಾಯಾಧೀಶ ಜಾನ್ ಬೇಟ್ಸ್ ಅವುಗಳನ್ನು ಮರಳಿ ಹಾಕುವಂತೆ ಆದೇಶಿಸಬೇಕಾಯಿತು.

‘ಇದೆಲ್ಲ ತಾಂತ್ರಿಕ ದೋಷ’ ಎನ್ನುವವರಿದ್ದಾರೆ. ಯಂತ್ರವು ಹೇಳಿದ್ದನ್ನೇ ಮಾಡಿದರೆ ದೋಷ ಯಂತ್ರದ್ದು ಹೇಗಾದೀತು? ಯಾರು ಬೇಕಾದರೂ ಬಳಸಬಹುದಾದ ವರ್ಡ್‌ಪ್ರೆಸ್ ಕೂಡ ಅಳಿಸಿದ ಬರಹವನ್ನು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿ ಉಳಿಸಿಕೊಳ್ಳುತ್ತದೆ. ಒಬ್ಬ ಹವ್ಯಾಸಿ ಬರಹಗಾರನಿಗೆ ದಕ್ಕುವ ಈ ಎರಡನೆಯ ಅವಕಾಶ ಸಾರ್ವಜನಿಕ ದಾಖಲೆಗೆ ಹಕ್ಕಾಗಿ ಏಕೆ ದಕ್ಕಬಾರದು?

ಸಾಮೂಹಿಕವಾಗಿ ಅಳಿಸುವ ಯತ್ನ ನಮ್ಮ ನಾಡಿಗೂ ಹೊಸದಲ್ಲ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಮತದಾರರ ಹೆಸರು ತೆಗೆಯುವಂತೆ ಆನ್‌ಲೈನ್ ಮೂಲಕ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ಸುಳ್ಳು. ಆ ಹೆಸರುಗಳು ಉಳಿದದ್ದು ಅಧಿಕಾರಿಗಳು ಅರ್ಜಿಗಳನ್ನು ಕಣ್ಣುಮುಚ್ಚಿ ಒಪ್ಪದೆ ಪರಿಶೀಲಿಸಿದ್ದರಿಂದ. ಅವನ್ನೆಲ್ಲ ಒಟ್ಟಿಗೆ ಆಯ್ದು ‘ಸರಿ’ ಎಂದು ಒತ್ತಿದ್ದರೆ, ಮತದಾನದ ದಿನ ಸಾವಿರಾರು ಜನ ಸರತಿಯಲ್ಲಿ ನಿಂತು ಬರಿಗೈಯಲ್ಲಿ ಮರಳುತ್ತಿದ್ದರು.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಿರಲಿ. ಸಾರ್ವಜನಿಕ ದಾಖಲೆಗಳನ್ನು ಒಟ್ಟಾಗಿ ಅಳಿಸುವ ಮುನ್ನ ಪೂರ್ಣ ಪಟ್ಟಿ ಪ್ರಕಟವಾಗಬೇಕು, ಆಕ್ಷೇಪಣೆಗೆ ಕಾಲಾವಕಾಶವಿರಬೇಕು, ಇನ್ನೊಬ್ಬ ಅಧಿಕಾರಿಯ ಒಪ್ಪಿಗೆ ಬೇಕು, ಯಾರು, ಯಾವಾಗ, ಯಾವ ಕಾರಣಕ್ಕೆ ಅಳಿಸಿದರೆಂಬುದು ಅಳಿಸಲಾಗದಂತೆ ದಾಖಲಾಗಬೇಕು. ಇವು ಸೌಜನ್ಯವಾಗಿಯಲ್ಲ, ಕಾನೂನಾಗಿ ಬರಬೇಕು. ಹೊರನಾಡಿನ ಕನ್ನಡಿಗರಲ್ಲಿ ಅನೇಕರು ಇಂಥ ತಂತ್ರಾಂಶಗಳನ್ನು ಬರೆದೇ ಬದುಕುವವರು. ಅಳಿಸುವ ಗುಂಡಿಯನ್ನು ರೂಪಿಸುವಾಗ ಈ ತಡೆಗಳನ್ನೂ ರೂಪಿಸುವುದು, ‘ಬೇಗ ಮುಗಿಸಿ’ ಎಂಬ ಒತ್ತಡ ಬಂದಾಗ ಅವನ್ನು ಬಿಟ್ಟುಕೊಡದಿರುವುದು ನಮ್ಮ ಹೊಣೆ.